ಎರಡು ಕಂಪ್ಯೂಟರಿಗೆ ಒಂದೇ ಡಬ್ಬಿ

ಇಬ್ಬರು ಸೊಸೆಯಂದಿರಿರುವ ಮನೆಯಲ್ಲಿ ಅತ್ತೆಯಾದವಳು ನ್ಯಾಯ ಹೇಳಬಾರದು. ಅದಕ್ಕೇ ನಾನು ಇಬ್ಬರ ಮಾತಿಗೂ "ಹೌದವಾ" ಅಂದು ಎಲಿಅಡಿಕಿ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ಅನ್ನಬೇಕಾದ್ದನ್ನು ಮೊಬೈಲಿನ ಬಟನ್ ಒತ್ತಿ ಹಿಡಿದು ಅಣ್ಣಿಗೇರಿಯ ತಂಗಿಗೆ ಮಾತು ತುಂಬಿ ಕಳಿಸುತ್ತಿದ್ದೆ. ಬರೆದು ಕಳಿಸುವುದಕ್ಕೆ ನನ್ನ ಅಕ್ಷರ ಸಾಲವು, ಬಾಯಿಗೆ ಬರವಿಲ್ಲ.

ಕುಂದಗೋಳದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಸೊಸೆಯರಿಬ್ಬರೂ ಲಗ್ನದ ಫೋಟೊ, ವಿಡಿಯೊ ಕೆಲಸ ಮಾಡುತ್ತಾರೆ. ಇಬ್ಬರ ಫೋಟೊ, ವಿಡಿಯೊ ಎಲ್ಲ ಕೂಡಿಡಲು ನಡುವೆ ವೈರು ಹಚ್ಚಿದ ಒಂದು ಕರೀ ಡಬ್ಬಿ. ಎಷ್ಟು ಲಗ್ನ ತುಂಬಿದರೂ ಅದರ ಹೊಟ್ಟೆ ತುಂಬುವುದಿಲ್ಲ. ಮನೆಯವರ ಮೊಬೈಲಿನಲ್ಲಿದ್ದದ್ದೂ ತಾನಾಗಿ ಅದರೊಳಗೆ ಹೋಗಿ ಕೂಡುತ್ತದೆ ಅಂದಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಹೋದ ವಾರ ಹಿರಿಯಾಕಿ ಮಹಾದೇವಿ ಹೊಸ ಕಂಪ್ಯೂಟರು ತಂದಳು, ಕಡಿದ ಸೇಬುಹಣ್ಣಿನ ಗುರುತಿನದು. ಅದಕ್ಕೆ ಡಬ್ಬಿ ಕಾಣಲೊಲ್ಲದು. ಕಿರಿಯಾಕಿ ರೇಣುಕಾಳ ಹಳೇ ವಿಂಡೋಸ್ ಕಂಪ್ಯೂಟರಿಗೆ ಚಲೋ ಕಾಣುತ್ತದೆ. ಸಂಶಿಯ ಮದುಮಗಳ ಅಪ್ಪ ಸಂಜೆ ಮಹಾದೇವಿಯ ಹತ್ತಿರ ವಿಡಿಯೊ ಒಯ್ಯಲು ಬರುವವನಿದ್ದ, ಅದು ಡಬ್ಬಿಯೊಳಗಿತ್ತು.

"ಬೇಕಂತ ಕೀಲಿ ಹಾಕ್ಯಾಳ್ರಿ ಅತ್ತಿ," ಅಂದಳು ಮಹಾದೇವಿ.

"ನನಗ ಬ್ಯಾರೆ ಕೆಲಸ ಇಲ್ಲೇನ ಅಕ್ಕಾ? ನಿನ್ನ ಕಂಪ್ಯೂಟರಿಗೆ ಸೊಕ್ಕು. ಬಡವರ ಡಬ್ಬಿ ಅದರ ಕಣ್ಣಿಗೆ ಬೀಳಂಗಿಲ್ಲ."

"ಹಂಗಾರ ನಾಳಿಂದ ಒಲಿನೂ ಬ್ಯಾರೆ!"

ಒಲೆ ಬೇರೆಯಾದರೆ ನಾನು ಯಾರ ಒಲೆಯ ಮುಂದೆ ತಾಟು ಹಿಡಿದು ಕೂಡಬೇಕು? "ಮೊದಲ ಆ ಡಬ್ಬಿ ಮಾರಿದಾವಗ ಫೋನ್ ಹಚ್ಚರಿ ಬೇ!" ಅಂದೆ. ಅವನು ಕೇಳಿ ನಕ್ಕ. "ನಿಮ್ಮ ಡಬ್ಬಿ ಹಳೇ ಮಾತು ಆಡತೈತ್ರಿ ಅಮ್ಮಾರ. ಹೊಸಾ ಕಂಪ್ಯೂಟರ್ ಅದನ್ನ ಕೇಳಂಗಿಲ್ಲ. ಡಬ್ಬಿಯ ಸೆಟ್ಟಿಂಗಿನಾಗ ಹೊಸಾ ಮಾತು ಚಾಲೂ ಮಾಡಿದ್ರ ಎರಡಕ್ಕೂ ತಿಳೀತೈತಿ." ಅವನು ಹೇಳಿದ ಹಾಗೆ ರೇಣುಕಾ ಒತ್ತಿದಳು. ಡಬ್ಬಿ ಕಂಡಿತು. ಸಂಜೆ ವಿಡಿಯೊನೂ ಮದುಮಗಳ ಅಪ್ಪನ ಕೈ ಸೇರಿತು.

ಅಲ್ಲಿಗೆ ಬಿಡಬೇಕಿತ್ತು. ಮಹಾದೇವಿ ಡಬ್ಬಿಯ ಮೂಲೆ ಮೂಲೆ ಕೆದಕಿದಳು. ರೇಣುಕಾ ಎಂದೂ ಮುಟ್ಟದ ಮೂಲೆಯಲ್ಲಿ ನನ್ನ ಮೊಬೈಲಿನದೆಲ್ಲ ಇತ್ತು. ಒತ್ತಿದಳು. ಪಡಸಾಲೆಗೆ ಕೇಳುವ ಹಾಗೆ ನನ್ನದೇ ಧ್ವನಿ: "ಹಿರಿಯಾಕಿ ಸಾರಿನಾಗ ಬ್ಯಾಳಿ ಬೇಕಂದ್ರ ಗಾಳ ಹಾಕಬೇಕ, ತಂಗಿ." ರೇಣುಕಾ ಬಿದ್ದು ಬಿದ್ದು ನಕ್ಕಳು. ಮುಂದಿನದು: "ಕಿರಿಯಾಕಿ ರೊಟ್ಟಿ ನಾಯಿ ಮೂಸಿ ನೋಡಿ ಮುಂದ ಹೋಗತಾವು." ಈಗ ಮಹಾದೇವಿ ನಕ್ಕಳು. ಆಮೇಲೆ ಇಬ್ಬರೂ ನಗು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನಂದದ್ದರಲ್ಲಿ ಸುಳ್ಳೇನಿಲ್ಲ, ಇವತ್ತೂ ಅನ್ನುತ್ತೇನೆ.

ಒಲೆ ಬೇರೆಯಾಗಲಿಲ್ಲ. ಇಬ್ಬರೂ ಈಗ ಅಗದಿ ಒಂದೇ. "ಅಡಿಗಿ ನೀವ ಮಾಡ್ರಿ ಅತ್ತಿ, ನಾವು ನೋಡಿ ಕಲೀತೀವಿ" ಅಂದರು. ಮಾಡುತ್ತೇನೆ. ಉಂಡು ಕೈ ತೊಳೆದು ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕಿಸಿಕಿಸಿ ನಗುತ್ತಾರೆ. ನಡುನಡುವೆ ನನ್ನ ಸಾರಿನ ಮಾತು ಕೇಳುತ್ತದೆ, ಏನೋ ಡಬ್ಬಿಯೊಳಗೆ ಹಾಕುತ್ತಿದ್ದಾರೆ. ನನಗೆ ತೆಗೆದು ನೋಡಲು ಬರುವುದಿಲ್ಲ.