ಚಾವಣಿ ತೆರೆಯದ ಭಾನುವಾರಗಳು

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸಬೇಕಾದರೆ ಇಬ್ಬರ ಸಹಿ ಬೇಕು. ನಗಬೇಡಿ, ಸತ್ಯ ಹೇಳುತ್ತಿದ್ದೇನೆ! ಜೀವನ್ ಬಿಮಾ ನಗರದ ಆ ಮನೆಯ ಅಡುಗೆಮನೆ ಬಾಗಿಲ ಹಿಂದೆ ದಾರ ಕಟ್ಟಿದ ರಿಜಿಸ್ಟರ್ ಒಂದು ನೇತಾಡುತ್ತಿರುತ್ತದೆ. ಕೆಲಸ ಮಾಡಿದವರದ್ದು ಒಂದು ಸಹಿ, ನೋಡಿದವರದ್ದು ಇನ್ನೊಂದು. ಚಿಕ್ಕಪ್ಪ ನಿವೃತ್ತರಾಗುವವರೆಗೂ ವಿಮಾನದ ಕಾರ್ಖಾನೆಯಲ್ಲಿ ಚಕ್ರ ಇಳಿಸುವ, ಮಡಚುವ ವಿಭಾಗದಲ್ಲಿ ದುಡಿದವರು. ಅಲ್ಲಿ ಒಂದು ಬೋಲ್ಟು ತಿರುಗಿಸಿದರೂ ಇನ್ನೊಬ್ಬರು ಬಂದು ನೋಡಿ ಸಹಿ ಹಾಕಬೇಕಿತ್ತಂತೆ. ಹಾಕಲಿ, ಬೇಡ ಅಂದವರು ಯಾರು? ಅಲ್ಲಿ ಹಾರುತ್ತಿದ್ದದ್ದು ವಿಮಾನ. ಇಲ್ಲಿ ಬೇಯುತ್ತಿರುವುದು ಬೇಳೆ!

ಇಷ್ಟು ವರ್ಷ 'ನೋಡಿದವರು' ಎಂಬ ಜಾಗದಲ್ಲಿ ಚಿಕ್ಕಮ್ಮ ಸಹಿ ಹಾಕುತ್ತಿದ್ದರು. ನೋಡದೆಯೇ ಹಾಕುತ್ತಿದ್ದರು, ಅದು ಬೇರೆ ಮಾತು. ಹೋದ ವರ್ಷ ಅವರಿಗೆ ಕತ್ತಿನ ಆಪರೇಷನ್ ಆಯಿತು. ಅಂದಿನಿಂದ ಕತ್ತು ಬಗ್ಗುವುದಿಲ್ಲ, ಕಾಲಿನಲ್ಲಿ ಬಲವಿಲ್ಲ. ಯಾರದಾದರೂ ಕೈ ಹಿಡಿದು ಹತ್ತು ಹೆಜ್ಜೆ ನಡೆದರೆ ಹೆಚ್ಚು, ಆಮೇಲೆ ಗಾಲಿಕುರ್ಚಿಯೇ ಗತಿ. ಆಟೋ ಹತ್ತಲಿ, ಕಾರು ಹತ್ತಲಿ, ತಲೆ ಬಗ್ಗಿಸಲೇಬೇಕಲ್ಲ? ಅದೇ ಆಗುವುದಿಲ್ಲ. ಮದುವೆಯಾದಾಗಿನಿಂದ ವಾರಕ್ಕೊಮ್ಮೆ ಹಲಸೂರಿನ ಬಜಾರ್ ಬೀದಿಗೆ ಹೋಗಿ ಒಂದೊಂದೇ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ ತರುತ್ತಿದ್ದ ಹೆಂಗಸು ಹತ್ತು ತಿಂಗಳಿನಿಂದ ಗೇಟು ದಾಟಿರಲಿಲ್ಲ.

"ಒಂದೇ ಒಂದ್ಸಲ ಬಜಾರ್ ಬೀದೀಲಿ ತಿರುಗಾಡ್ಬೇಕು ಕಣೇ. ಫೋನಲ್ಲಿ ತರಿಸೋದೂ ಒಂದು ತರಕಾರಿನಾ?" ಎಂದು ನನ್ನ ಬಳಿ ಹೇಳಿಕೊಂಡು ಕಣ್ಣೊರೆಸಿಕೊಂಡರು.

ಬೇರೆ ಯಾವ ಗಂಡನಾದರೂ ಏನು ಮಾಡುತ್ತಿದ್ದ? ಡಾಕ್ಟರನ್ನು ಕೇಳುತ್ತಿದ್ದ. ನಮ್ಮ ಚಿಕ್ಕಪ್ಪ ಶಿವಾಜಿನಗರದ ಗ್ಯಾರೇಜೊಂದರ ಹಿತ್ತಲಿನಲ್ಲಿ ಧೂಳು ಕುಡಿಯುತ್ತಿದ್ದ ಹಳೇ ವಿದೇಶಿ ಕಾರನ್ನು ಮನೆಗೆ ತಂದರು! ಎರಡೇ ಬಾಗಿಲು. ಒಂದು ಕಾಲದಲ್ಲಿ ಕೆಂಪಗಿದ್ದಿರಬೇಕು. ಗುಂಡಿ ಒತ್ತಿದರೆ ಚಾವಣಿ ತಾನಾಗಿಯೇ ಎದ್ದು, ಮಡಚಿಕೊಂಡು, ಹಿಂದಿನ ಡಿಕ್ಕಿಯೊಳಗೆ ಹೋಗಿ ಮಲಗುತ್ತದೆ.

"ಅವಳ ತಲೆ ಬಗ್ಗಲ್ಲ ಅಂದ್ರೆ ಚಾವಣೀನೇ ತೆಗೆದ್ರಾಯ್ತು. ಬಾಗಿಲು ತೆಗಿ, ನೆಟ್ಟಗೆ ನಿಲ್ಸು, ತಿರುಗಿಸಿ ಕೂರ್ಸು. ಮುಗೀತು," ಎಂದರು. ನನಗೂ ಭೇಷ್ ಅನ್ನಿಸಿತು, ಅದೇ ನಾನು ಮಾಡಿದ ತಪ್ಪು.

ಏಕೆಂದರೆ ಹೊಸ ರಿಜಿಸ್ಟರ್ ಬಂತು. ನೋಡಿದವರ ಸಹಿಗೆ ನಾನು ನೇಮಕವಾದೆ. ನಾನು ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ವಾರಕ್ಕೆ ಆರು ದಿನ ದುಡಿಯುವವಳು. ಸಿಗುವುದು ಒಂದು ಭಾನುವಾರ. ಆ ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಬಿದ್ದುಕೊಳ್ಳುವುದು ಬಿಟ್ಟು ಬೆಳಿಗ್ಗೆ ಏಳಕ್ಕೆ ಬಂದು ಕಾರಿನ ಪಕ್ಕ ಅಟೆನ್ಷನ್‌ನಲ್ಲಿ ನಿಲ್ಲಬೇಕಿತ್ತು!

ಮೊದಲ ಭಾನುವಾರ ಪರೀಕ್ಷೆಗೆ ಗುಂಡಿ ಒತ್ತಿದರು. ಗುರ್ರೆಂದು ಚಾವಣಿ ಎದ್ದಿತು, ಮಡಚಿತು, ಮಲಗಿತು. ನಾನು ಸಹಿ ಹಾಕಿದೆ. ಚಾವಣಿ ಮತ್ತೆ ಮುಚ್ಚಿದರು. ಗಾಲಿಕುರ್ಚಿಯನ್ನು ಡಿಕ್ಕಿಗೆ ತುರುಕಿದರು. ನೀರಿನ ಬಾಟಲಿ, ದಿಂಬು, ಬಟ್ಟೆ ಚೀಲ ಒಳಗೆ ಹೋದವು. ಕೊನೆಗೆ ರೇಷ್ಮೆ ಸೀರೆ ಉಟ್ಟ ಚಿಕ್ಕಮ್ಮನನ್ನು ನಾನು ಕೈ ಹಿಡಿದು ಗೇಟಿನಾಚೆ ತಂದೆ. ಮೊದಲೇ ಚಾವಣಿ ತೆರೆದಿಡಬಾರದಿತ್ತೇ ಅನ್ನುತ್ತೀರಾ? ನಾನೂ ಅಂದೆ. "ಸೀಟು ಬಿಸಿಲಿಗೆ ಕಾಯುತ್ತೆ. ಮೊದಲು ಸಾಮಾನು, ಆಮೇಲೆ ಪ್ಯಾಸೆಂಜರ್, ಆಮೇಲೆ ಚಾವಣಿ. ಲಿಸ್ಟಲ್ಲಿ ಹಾಗೇ ಇದೆ," ಎಂದರು. ಲಿಸ್ಟ್ ಬರೆದವರು ಯಾರು? ಅವರೇ!

ಗುಂಡಿ ಒತ್ತಿದರು. ಏನೂ ಇಲ್ಲ. ಮತ್ತೆ ಒತ್ತಿದರು. ಕಿವುಡನ ಮುಂದೆ ಕೂಗಿದ ಹಾಗೆ. ಐದು ನಿಮಿಷ ನಿಂತ ಚಿಕ್ಕಮ್ಮನ ಕಾಲು ನಡುಗತೊಡಗಿತು, ಒಳಗೆ ಕರೆದುಕೊಂಡು ಹೋದೆ. ಇತ್ತ ಚಿಕ್ಕಪ್ಪ ಸಾಮಾನೆಲ್ಲ ಇಳಿಸಿ, ಗಾಡಿ ಖಾಲಿ ಮಾಡಿ, ಗುಂಡಿ ಒತ್ತಿದರೆ ಗುರ್ರೆಂದು ತೆರೆಯಿತು! ಅಷ್ಟು ಹೊತ್ತಿಗೆ ಚಿಕ್ಕಮ್ಮ ಸೀರೆ ಬದಲಾಯಿಸಿ ಆಗಿತ್ತು.

ಮುಂದಿನ ವಾರ ಅವರು ಚಾವಣಿ ಎತ್ತುವ ಪಂಪಿನ ಆಯಿಲ್ ಬದಲಾಯಿಸಿದರು. ಭಾನುವಾರ ಬೆಳಿಗ್ಗೆ ಪರೀಕ್ಷೆಯಲ್ಲಿ ಪಾಸು, ಚಿಕ್ಕಮ್ಮ ಬಂದು ನಿಂತರೆ ಫೇಲು. ಅದರ ಮುಂದಿನ ವಾರ ಫ್ಯೂಸು, ವೈರು, ಗುಂಡಿ ಎಲ್ಲ ಹೊಸದು. ಬೆಳಿಗ್ಗೆ ಪಾಸು, ಚಿಕ್ಕಮ್ಮ ಬಂದರೆ ಫೇಲು. ನನ್ನ ಸಹಿಗೆ ಬೆಲೆಯೇ ಇಲ್ಲದಂತಾಯಿತು! ಎದುರು ಮನೆಯ ರಿಟೈರ್ಡ್ ಇನ್ಶೂರೆನ್ಸ್ ಆಫೀಸರು ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಪ್ರತಿ ವಾರ ಹಾಜರು.

"ಗರಗಸ ತಂದು ಕೊಯ್ದುಬಿಡಿ ಸಾರ್!" ಎಂದು ಒಂದು ದಿನ ಮೇಲಿನಿಂದಲೇ ಸಲಹೆ ಕೊಟ್ಟರು.

"ಮೊದಲು ನಿಮ್ಮ ಬಾಲ್ಕನಿ ಕೊಯ್ಸ್ತೀನಿ, ಒಳಗೆ ಹೋಗ್ರೀ!" ಎಂದು ಕೂಗಿದ್ದು ಚಿಕ್ಕಪ್ಪನಲ್ಲ, ನಾನು.

ನಾಲ್ಕನೆಯ ವಾರ ಶಿವಾಜಿನಗರದಿಂದ ಮೆಕ್ಯಾನಿಕ್ ಭಾಯಿಯನ್ನು ಕರೆಸಿದೆವು. ಅವರು ಬರುವ ಮುಂಚೆ ಚಿಕ್ಕಪ್ಪ ಕಾರನ್ನು ಗುಡಿಸಿ ಒರೆಸಿ ಖಾಲಿ ಮಾಡಿದ್ದರು. ಏಕೆ? "ಪರೀಕ್ಷೆಗೆ ಮುಂಚೆ ಗಾಡೀಲಿ ಒಂದು ಸ್ಪ್ಯಾನರ್ ಕೂಡ ಇರ್ಬಾರ್ದು. ನಮ್ ಕಾರ್ಖಾನೆ ರೂಲು," ಎಂದರು. ಭಾಯಿ ಗುಂಡಿ ಒತ್ತಿದರು. ತೆರೆಯಿತು. ಮುಚ್ಚಿದರು. ಮತ್ತೆ ತೆರೆಯಿತು. ಎಂಟು ಸಲ ಆಡಿಸಿ ಕೈ ಒರೆಸಿಕೊಂಡರು.

"ಗಾಡಿ ಬಿಲ್ಕುಲ್ ಫಿಟ್ ಐತೆ ಸಾರ್. ಕೆಲವು ಪೇಷಂಟ್‌ಗೆ ಡಾಕ್ಟರ್ ಕಂಡ್ರೆ ಜ್ವರ ಇಳಿದ್ಬಿಡ್ತದೆ ನೋಡಿ, ಹಂಗೆ ಇದು."

ಭಾಯಿ ಬೀದಿಯ ತಿರುವು ದಾಟಿರಲಿಲ್ಲ, ಸಾಮಾನು ತುಂಬಿ ಚಿಕ್ಕಮ್ಮನನ್ನು ತಂದು ನಿಲ್ಲಿಸಿದೆವು. ಫೇಲು!

ಬರೀ ನನಗೆ ಸಿಟ್ಟು ಬಂದಿದ್ದರೆ ಪರವಾಗಿರಲಿಲ್ಲ. ಐದನೆಯ ಭಾನುವಾರ ಚಿಕ್ಕಮ್ಮ ರೇಷ್ಮೆ ಸೀರೆ ಉಡಲಿಲ್ಲ. ಮನೆಯ ನೈಟಿಯ ಮೇಲೆ ಒಂದು ಟವಲ್ ಹಾಕಿಕೊಂಡು ಬಂದು ನಿಂತರು. ಚಿಕ್ಕಪ್ಪ ಗುಂಡಿ ಒತ್ತಿದರು. ಚಾವಣಿ ಅಲ್ಲಾಡಲಿಲ್ಲ. ಚಿಕ್ಕಮ್ಮ ನಕ್ಕರು.

"ರೀ, ಬಿಡಿ. ನೀವಿದ್ರೆ ತೆಗೆಯುತ್ತೆ, ಇವಳಿದ್ರೆ ತೆಗೆಯುತ್ತೆ, ಆ ಭಾಯಿ ಇದ್ರೂ ತೆಗೆಯುತ್ತೆ. ನಾನು ಬಂದ್ರೆ ಮಾತ್ರ ಇದಕ್ಕೆ ಆಗಲ್ಲ. ನನ್ನ ಹಣೇಲಿ ಇನ್ನು ಬಜಾರ್ ಬೀದಿ ಬರ್ದಿಲ್ಲ. ಮುಂದಿನ ವಾರದಿಂದ ನನ್ನ ಕರೀಬೇಡಿ," ಎಂದು ಅಲ್ಲೇ ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರು.

ಚಿಕ್ಕಪ್ಪ ಏನು ಮಾಡಬೇಕಿತ್ತು? ಒಂದು ಮಾತು ಆಡಬೇಕಿತ್ತು ತಾನೇ? ಅದು ಬಿಟ್ಟು ನೇರ ಡಿಕ್ಕಿಯ ಹತ್ತಿರ ಹೋಗಿ, "ಪುಟ್ಟೀ, ಬಾ, ಖಾಲಿ ಮಾಡಿ ಟೆಸ್ಟ್ ಮಾಡೋಣ," ಎಂದರು!

ನೆತ್ತಿ ಉರಿದುಹೋಯಿತು. "ಯಾವ ಸೀಮೆ ಟೆಸ್ಟು ಚಿಕ್ಕಪ್ಪ ಇದು? ಖಾಲಿ ಮಾಡಿದ್ರೆ ತೆಗೆಯುತ್ತೆ ಅಂತ ಐದು ವಾರದಿಂದ ಗೊತ್ತು. ಖಾಲಿ ಕಾರಲ್ಲಿ ಯಾರನ್ನ ಕೂರಿಸ್ಕೊಂಡು ಹೋಗ್ತೀರಿ? ಒಂದು ಕಡ್ಡಿನೂ ಇಳಿಸ್ಕೂಡ್ದು! ಹೀಗೇ ಟೆಸ್ಟ್ ಮಾಡಿ!"

"ಹಾಗೆ ಮಾಡೋಹಾಗಿಲ್ಲಮ್ಮ. ರೂಲು..."

"ನಿಮ್ ರೂಲಿಗೆ ಬೆಂಕಿ ಹಾಕ!"

ಎದುರು ಬಾಲ್ಕನಿಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ನಾನು ಚಿಕ್ಕಪ್ಪನನ್ನು ಪಕ್ಕಕ್ಕೆ ತಳ್ಳಿ ಡ್ರೈವರ್ ಸೀಟಿನಲ್ಲಿ ಕೂತೆ. ಬಾಟಲಿಯನ್ನು ಬೀದಿಗೆ ಎಸೆದು ಗುಂಡಿ ಒತ್ತಿದೆ. ಇಲ್ಲ. ದಿಂಬು ಎಸೆದು ಒತ್ತಿದೆ. ಇಲ್ಲ. ಚೀಲ ಎಸೆದೆ. ಇಲ್ಲ. "ಇನ್ನು ಆ ಕುರ್ಚಿ ಎತ್ತಿ!" ಎಂದು ಕಿರುಚಿದೆ. ಚಿಕ್ಕಪ್ಪ ಹೆದರಿಕೊಂಡೇ ಡಿಕ್ಕಿಯಿಂದ ಗಾಲಿಕುರ್ಚಿ ಎತ್ತಿದರು. ಒಳಗೆ ಏನೋ ಟಕ್ಕೆಂದಿತು. ಒತ್ತಿದೆ.

ಗುರ್ರ್!

ಡಿಕ್ಕಿಯಲ್ಲಿ ಒಂದು ತೆಳ್ಳನೆಯ ಹಲಗೆ ಇದೆ. ಅದರ ಕೆಳಗೆ ಸಾಮಾನು, ಮೇಲೆ ಚಾವಣಿ ಮಲಗುವ ಜಾಗ. ಗಾಲಿಕುರ್ಚಿ ಎತ್ತರವಾಗಿ ಆ ಹಲಗೆಯನ್ನು ಮೇಲಕ್ಕೆ ತಳ್ಳುತ್ತಿತ್ತು. ಹಲಗೆ ಸರಿಯಾಗಿ ಕೂರದಿದ್ದರೆ, ಚಾವಣಿಯ ಜಾಗದಲ್ಲಿ ಯಾರೋ ಇದ್ದಾರೆಂದು ತಿಳಿದು ಕಾರು ಅದನ್ನು ಅಲ್ಲಾಡಿಸುವುದಿಲ್ಲ. ಕಾರಿಗೆ ಯಾವ ರೋಗವೂ ಇರಲಿಲ್ಲ. ಅಲ್ಲಿದ್ದವರಲ್ಲಿ ಬುದ್ಧಿ ಇದ್ದದ್ದು ಅದಕ್ಕೊಂದಕ್ಕೇ! ಪರೀಕ್ಷೆಗೆಂದು ಪ್ರತಿ ಸಲ ಎಲ್ಲ ಖಾಲಿ ಮಾಡುತ್ತಿದ್ದ ಚಿಕ್ಕಪ್ಪ, ದೋಷವನ್ನೂ ಜೊತೆಗೇ ಇಳಿಸಿ ಪಕ್ಕಕ್ಕೆ ಇಡುತ್ತಿದ್ದರು. ಐದು ಭಾನುವಾರ! ನನ್ನ ಐದು ಭಾನುವಾರ ಯಾರು ವಾಪಸ್ ಕೊಡುತ್ತಾರೆ?

ಬೈಯಲೆಂದು ಬಾಯಿ ತೆರೆದು ತಿರುಗಿದೆ. ಚಿಕ್ಕಪ್ಪ ರಿಜಿಸ್ಟರ್ ಹಿಡಿದು ಬಾನೆಟ್ ಮೇಲೆ ಬಗ್ಗಿ ಬರೆಯುತ್ತಿದ್ದರು. ಅಬ್ಬಾ, ಈ ಮನುಷ್ಯನನ್ನು ಏನು ಮಾಡೋಣ ಹೇಳಿ! ಬರೆದು ಮುಗಿಸಿ ಸಹಿ ಹಾಕಿದರು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವರು ನನಗೆ ಕೊಡಲಿಲ್ಲ. ಗೇಟಿನ ಹತ್ತಿರ ಹೋಗಿ, ಪ್ಲಾಸ್ಟಿಕ್ ಕುರ್ಚಿಯ ಮುಂದೆ ಕಷ್ಟಪಟ್ಟು ಮಂಡಿಯೂರಿ, ಪುಸ್ತಕವನ್ನು ಚಿಕ್ಕಮ್ಮನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಕತ್ತು ಬಗ್ಗುವುದಿಲ್ಲವಲ್ಲ.

ನಾನು ಹಿಂದಿನಿಂದ ಇಣುಕಿ ಓದಿದೆ. ದೋಷ ಎಂಬ ಸಾಲಿನ ಮುಂದೆ ಹೀಗೆ ಬರೆದಿತ್ತು: 'ನನ್ನದು. ಗಾಡಿಯದಲ್ಲ. ಅವಳದಂತೂ ಅಲ್ಲವೇ ಅಲ್ಲ.'

ಚಿಕ್ಕಮ್ಮ ತುಂಬ ಹೊತ್ತು ಆ ಪುಟ ನೋಡಿದರು. ಈ ಸಲ ನಿಜವಾಗಿಯೂ ನೋಡಿದರು. ಆಮೇಲೆ ಸಹಿ ಹಾಕಿ, ನನ್ನ ಕಡೆಗೆ ಕೈ ಚಾಚಿದರು.

"ಏಳಿಸೇ. ಸೀರೆ ಉಡ್ಸು. ಆ ಹಸಿರು ರೇಷ್ಮೆ. ಹೊತ್ತಾದ್ರೆ ಒಳ್ಳೇ ಬದನೆಕಾಯಿ ಖಾಲಿಯಾಗುತ್ತೆ."

ತೆರೆದ ಕಾರಿನಲ್ಲಿ ಮುಂದೆ ಚಿಕ್ಕಮ್ಮ ನೆಟ್ಟಗೆ ಕೂತರು. ಹಿಂದಿನ ಸೀಟಿನಲ್ಲಿ ಗಾಲಿಕುರ್ಚಿ ಕೂತಿತು. ಅಲ್ಲಿಗೆ ನನಗೆ ಜಾಗವಿಲ್ಲ! ಐದು ವಾರ ಸಹಿ ಹಾಕಿದವಳು ಆಟೋ ಹಿಡಿದು ಹಿಂದೆ ಹೊರಟೆ. ಮುಂದೆ ಕಾರು ಆಮೆಯ ಹಾಗೆ ಹೋಗುತ್ತಿತ್ತು. ಚಿಕ್ಕಮ್ಮನ ಸೆರಗು ಗಾಳಿಗೆ ಹಾರುತ್ತಿತ್ತು. ಗೇರ್ ಹಾಕುವುದು ಬಿಟ್ಟಾಗಲೆಲ್ಲ ಚಿಕ್ಕಪ್ಪನ ಎಡಗೈ ಹೋಗಿ ಆ ಸೆರಗನ್ನು ಹಿಡಿದುಕೊಳ್ಳುತ್ತಿತ್ತು.

ಆಟೋದವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಯಾಕ್ ಮೇಡಂ ಅಳ್ತಿದೀರಾ?"

"ಅಳ್ತಿಲ್ಲ ಕಣ್ರೀ, ಸಿಟ್ಟು ಬಂದಿದೆ!" ಎಂದೆ. "ಅವರನ್ನ ಓವರ್‌ಟೇಕ್ ಮಾಡ್ಬೇಡಿ. ಹೀಗೇ ಹಿಂದೆ ನಿಧಾನಕ್ಕೆ ಹೋಗಿ."