ಗೌರಾಬಾಯಿಯ ಮಾಳಿಗೆ ಮೇಲಿನ ಖನಿಜ

ಪಟ್ಟಣ ಯೋಜನಾ ನೀತಿಗಳ ಪರಿಷ್ಕರಣಾ ಕಚೇರಿ
(ಇಲಾಖೆಯ ಹೆಸರೂ ಪರಿಷ್ಕರಣೆಯಲ್ಲಿದೆ)

ಸಂಖ್ಯೆ: ವ.ತ್ಯಾ.ಖ/ಮಾಳಿಗೆ/ಸೋರಿಕೆ/2025-26
ದಿನಾಂಕ: ಮಿರಗದ (ಮೃಗಶಿರಾ) ಮಳೆ ಕೂಡುವ ಮುಂಚೆ ಹೊರಡಬೇಕಿದ್ದು, ಕೂಡಿದ ಮೇಲೆ ಹೊರಟಿದೆ

ಸುತ್ತೋಲೆ

ವಿಷಯ: ಐನಾಪುರ ಪಟ್ಟಣದ ವಸತಿ, ತ್ಯಾಜ್ಯ ಹಾಗೂ ಖನಿಜ ನೀತಿಗಳನ್ನು ಪರಿಷ್ಕರಿಸಿರುವ ಬಗ್ಗೆ, ತತ್ಪರಿಣಾಮವಾಗಿ ಮಾಳಿಗೆಗೆ ಮಣ್ಣು ಹಾಕುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ಹಿಂದಿನ ಸುತ್ತೋಲೆ (ಯಾರಿಗೂ ತಲುಪಿರುವುದಿಲ್ಲ).
2. ಹಾಳಗೇರಿ ಓಣಿಯ ಶ್ರೀಮತಿ ಗೌರಾಬಾಯಿ ಇವರು ಏಣಿಯ ಮೇಲೆ ನಿಂತು ಸಲ್ಲಿಸಿದ ಮೌಖಿಕ ಆಕ್ಷೇಪಣೆ.
3. ಪರಿವೀಕ್ಷಕರಾದ ಶ್ರೀ ಸಂಗ್ರಾಮ ಇವರ ಸ್ಥಳ ತನಿಖಾ ವರದಿ (ಒದ್ದೆ).

ಪ್ರಸ್ತಾವನೆ:

ಪಟ್ಟಣವು ಬೆಳೆಯುತ್ತಿರುವುದರಿಂದ, ಅಥವಾ ಬೆಳೆಯುತ್ತಿದೆ ಎಂದು ನಕ್ಷೆಯಲ್ಲಿ ತೋರಿಸಿರುವುದರಿಂದ, ಮೇಲ್ಕಂಡ ಮೂರು ನೀತಿಗಳನ್ನು ಪರಿಷ್ಕರಿಸಲಾಗಿದೆ. ನಿಷ್ಪಕ್ಷಪಾತತೆಯನ್ನು ಕಾಪಾಡುವ ಸಲುವಾಗಿ ಮೂರನ್ನೂ ಮೂರು ಕೋಣೆಗಳಲ್ಲಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದಂತೆ ಸಿದ್ಧಪಡಿಸಲಾಗಿದೆ.

ಈ ಭಾಗದ, ಮಟ್ಟಸ ಮಣ್ಣಿನ ಛಾವಣಿಯುಳ್ಳ ಮಾಳಿಗೆ ಮನೆಗಳ ಜನರು ಮುಂಗಾರಿಗೆ ಮೊದಲು ಊರ ಹೊರಗಿನ ಹಳೆಯ ದಿಬ್ಬದಿಂದ ಬಿಳಿಯ ಹಾಳುಮಣ್ಣು ತಂದು ಮಾಳಿಗೆಯ ಮೇಲೆ ಹರಡಿ ತುಳಿಯುವ ರೂಢಿಯುಳ್ಳವರೆಂದೂ, ಆ ಮಣ್ಣು ಮಳೆನೀರನ್ನು ಕೆಳಗೆ ಬಿಡುವುದಿಲ್ಲವೆಂದೂ ಈಗಷ್ಟೇ ಕಚೇರಿಯ ಗಮನಕ್ಕೆ ಬಂದಿರುತ್ತದೆ.

ಸದರಿ ಗೌರಾಬಾಯಿಯವರ ಮಗಳು ಮನಿಷಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದು, ಹಸುಗೂಸಿನ ತೊಟ್ಟಿಲನ್ನು ನಡುಕೋಣೆಯ ತೊಲೆಗೆ ಕಟ್ಟಲಾಗಿದೆ. ಮನೆಯಲ್ಲಿ ಗಾಳಿ ನುಗ್ಗದ ಕೋಣೆ ಅದೊಂದೇ. ಹೋದ ಮಳೆಗಾಲದಲ್ಲಿ ಸೋರಿದ್ದೂ ಅದೊಂದೇ. ಮಿರಜದ ದಿಕ್ಕಿನಲ್ಲಿ ಮೋಡ ಕಟ್ಟುವುದನ್ನು ಕಂಡ ಗೌರಾಬಾಯಿಯವರು ಒಲೆಯ ಮೇಲಿನ ಹಾಲನ್ನು ಕೆಳಗಿಳಿಸಿ, ಸೆರಗು ಬಿಗಿದು, ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದಾಗ ಪರಿವೀಕ್ಷಕರು ತಡೆದಿರುತ್ತಾರೆ. ಆಗ ನಡೆದ ಸಂಭಾಷಣೆಯನ್ನು ದಾಖಲೆಗಾಗಿ ಯಥಾವತ್ತಾಗಿ ಕೊಡಲಾಗಿದೆ:

"ಮಾವಶಿ, ತಲಿ ಮ್ಯಾಲ ಏನೈತ್ರಿ?"

"ಮಣ್ಣೋ ತಮ್ಮಾ. ಬಂಗಾರ ಇದ್ದಿದ್ರ ಹಿಂಗ ಏಣಿ ಹತ್ತತಿದ್ನೇನು?"

"ಹೊಸಾ ನೀತಿ ಬಂದೈತ್ರಿ. ನೆಲದಾಗಿಂದ ಅಗದು ತಗದದ್ದೆಲ್ಲಾ ಖನಿಜ. ಪರವಾನಗಿ ಬೇಕ್ರಿ."

"ಹಂಗಾರ ಉಳ್ಳಾಗಡ್ಡಿನೂ ಖನಿಜ ಏನೋ?"

ಉಳ್ಳಾಗಡ್ಡಿಯ (ಈರುಳ್ಳಿಯ) ಪ್ರಶ್ನೆಯನ್ನು ಮೇಲಧಿಕಾರಿಗಳ ಅಭಿಪ್ರಾಯಕ್ಕಾಗಿ ಕಳುಹಿಸಲಾಗಿದೆ. ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೂ ಸಾರ್ವಜನಿಕರಿಗೂ ಕೆಳಕಂಡಂತೆ ಸೂಚಿಸಲಾಗಿದೆ.

1. ಮಣ್ಣು ದಿಬ್ಬದಲ್ಲಿರುವಾಗ ಖನಿಜ, ಮಾಳಿಗೆಯ ಮೇಲಿರುವಾಗ ವಸತಿ, ಮಳೆಗೆ ತೊಳೆದು ಅಂಗಳಕ್ಕೆ ಬಿದ್ದಾಗ ತ್ಯಾಜ್ಯ ಎಂದು ಪರಿಗಣಿಸತಕ್ಕದ್ದು. ಬುಟ್ಟಿಯಲ್ಲಿರುವಾಗ ಅದು ಏನೆಂಬ ಬಗ್ಗೆ ಮೂರು ಶಾಖೆಗಳ ನಡುವೆ ಪತ್ರವ್ಯವಹಾರ ನಡೆದಿದೆ. ಅದು ಮುಗಿಯುವವರೆಗೆ ಬುಟ್ಟಿ ಹೊತ್ತವರು ಇದ್ದಲ್ಲಿಯೇ ನಿಲ್ಲತಕ್ಕದ್ದು.

2. ಏಣಿಯ ಕೆಳ ಅರ್ಧವು ಖನಿಜ ಶಾಖೆಯ ವ್ಯಾಪ್ತಿಗೂ ಮೇಲಿನ ಅರ್ಧವು ವಸತಿ ಶಾಖೆಯ ವ್ಯಾಪ್ತಿಗೂ ಬರುತ್ತದೆ. ನಡುವಿನ ಮೆಟ್ಟಿಲಿನ ಮೇಲೆ ಕಾಲಿಡುವವರು ಜಂಟಿ ಪರಿಶೀಲನೆಗೆ ಲಭ್ಯರಿರತಕ್ಕದ್ದು. ಹತ್ತುವಾಗ ಉದುರಿದ ಮಣ್ಣನ್ನು ಹಸಿ ತ್ಯಾಜ್ಯ, ಒಣ ತ್ಯಾಜ್ಯ ಎಂದು ಬೇರ್ಪಡಿಸಿ ಕೊಡತಕ್ಕದ್ದು.

3. ತಾಡಪತ್ರಿ ಹೊದ್ದ ಟಿಪ್ಪರುಗಳಲ್ಲಿ ಹಗಲೂ ರಾತ್ರಿ ಸಾಗುತ್ತಿರುವ ವಸ್ತು ಕಣ್ಣಿಗೆ ಕಾಣದಿರುವುದರಿಂದ ಅದು ಖನಿಜವೆನ್ನಲು ಪುರಾವೆ ಇರುವುದಿಲ್ಲ, ಅವುಗಳನ್ನು ತಡೆಯತಕ್ಕದ್ದಲ್ಲ. ಈ ವಿನಾಯಿತಿಯನ್ನು ತಿಳಿದ ಗೌರಾಬಾಯಿಯವರು ಬುಟ್ಟಿಯ ಮೇಲೆ ಸೆರಗು ಹೊದಿಸಿ, "ಈಗ ಕಾಣಾಕತ್ತೈತೇನು ನೋಡು" ಎಂದಿರುತ್ತಾರೆ. ಸೆರಗನ್ನು ತಾಡಪತ್ರಿಯೆಂದು ಪರಿಗಣಿಸಲು ಅವಕಾಶವಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

4. ಪರವಾನಗಿ ದೊರೆಯುವವರೆಗೆ ಸೋರುವ ಮನೆಯವರು ಸೋರುವಲ್ಲಿ ಪಾತ್ರೆ ಇಡಬಹುದು. ಹೀಗೆ ಸಂಗ್ರಹವಾದ ನೀರನ್ನು ಮಳೆನೀರು ಕೊಯ್ಲು ಎಂದು ಇಲಾಖೆಯ ವಾರ್ಷಿಕ ಸಾಧನೆಯಲ್ಲಿ ಸೇರಿಸಿಕೊಳ್ಳಲಾಗುವುದು.

5. ತೊಟ್ಟಿಲನ್ನು ಕೋಣೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುವುದನ್ನು ಭೂಬಳಕೆ ಬದಲಾವಣೆ ಎಂದು ಪರಿಗಣಿಸಿ, ನೆರೆಹೊರೆಯವರಿಂದ ಆಕ್ಷೇಪಣೆ ಕರೆಯತಕ್ಕದ್ದು.

6. ಐದನೇ ಅಂಶವನ್ನು ಓದಿ ಹೇಳಲು ಪರಿವೀಕ್ಷಕರು ನಡುಕೋಣೆಯ ಹೊಸ್ತಿಲಿನವರೆಗೆ ಹೋಗಿದ್ದಾಗ ಮಳೆ ಹೊಡೆದು, ಮೊದಲ ಹನಿ ತೊಟ್ಟಿಲಿನ ಹಗ್ಗದ ಮೇಲೆ ಬಿದ್ದಿರುತ್ತದೆ. ಮನಿಷಾ ಅವರು ಕೂಸನ್ನು ಎತ್ತಿ, "ಸಾಹೇಬ್ರ, ಒಂಚೂರು ಹಿಡ್ಕೋರಿ, ಹಾಸಿಗಿ ತೋಯ್ತೈತಿ" ಎಂದು ಅವರ ಕೈಗೆ ಕೊಟ್ಟಿರುತ್ತಾರೆ.

"ನನಗ ರೂಢಿ ಇಲ್ಲರಿ ತಂಗಿ!"

"ಅದಕ್ಕೂ ಇಲ್ಲರಿ. ಕುತ್ತಿಗಿ ಕೆಳಗ ಕೈ ಇರಲಿ."

ಅದೇ ಸಮಯದಲ್ಲಿ ಗೌರಾಬಾಯಿಯವರು ಏಣಿ ಹತ್ತಿ, ದಿಬ್ಬದಿಂದ ತಂದು ಅಂಗಳದಲ್ಲಿ ರಾಶಿ ಹಾಕಿದ್ದ ಮಣ್ಣನ್ನೆಲ್ಲ ಬುಟ್ಟಿ ಬುಟ್ಟಿಯಾಗಿ ಮೇಲೊಯ್ದು, ಮಳೆಯಲ್ಲಿ ನೆನೆಯುತ್ತಲೇ ಹರಡಿ ತುಳಿದಿರುತ್ತಾರೆ. ಎರಡೂ ಕೈಗಳು ಕೂಸಿನಿಂದ ತುಂಬಿದ್ದ ಕಾರಣ ಪಂಚನಾಮೆ ಬರೆಯಲು ಸಾಧ್ಯವಾಗಲಿಲ್ಲವೆಂದೂ, ಕೂಸಿಗೆ ಆಗತಾನೆ ನಿದ್ದೆ ಹತ್ತಿದ್ದ ಕಾರಣ ಕೂಗಿ ತಡೆಯಲೂ ಆಗಲಿಲ್ಲವೆಂದೂ ವರದಿಯಲ್ಲಿದೆ. ಇನ್ನು ಮುಂದೆ ತನಿಖೆಗೆ ತೆರಳುವ ಸಿಬ್ಬಂದಿ ಕೂಸುಗಳನ್ನು ಎತ್ತಿಕೊಳ್ಳತಕ್ಕದ್ದಲ್ಲ. ಎತ್ತಿಕೊಂಡಲ್ಲಿ ಕುತ್ತಿಗೆಯ ಕೆಳಗೆ ಕೈ ಇರತಕ್ಕದ್ದು.

7. ಅನಧಿಕೃತವಾಗಿ ಮೇಲೇರಿದ ಸದರಿ ಖನಿಜವನ್ನು ಕೂಡಲೇ ತೆರವುಗೊಳಿಸಲು ಆದೇಶಿಸಬೇಕಾಗಿತ್ತು. ಆದರೆ ಮಾಳಿಗೆಯಿಂದ ತೆಗೆಯಲು ವಸತಿ ಶಾಖೆಯ ಅನುಮತಿ ಬೇಕು. ಆ ಅನುಮತಿಗೆ, ತೆಗೆದದ್ದನ್ನು ಎಲ್ಲಿ ಚೆಲ್ಲಲಾಗುವುದೆಂದು ತ್ಯಾಜ್ಯ ಶಾಖೆ ಬರೆದುಕೊಡಬೇಕು. ಅದು ತ್ಯಾಜ್ಯವೇ ಹೊರತು ಖನಿಜವಲ್ಲವೆಂದು ಖನಿಜ ಶಾಖೆ ಮೊದಲು ಒಪ್ಪಬೇಕು. ಖನಿಜ ಶಾಖೆಯವರು ಮಣ್ಣನ್ನು ಕೆಳಗಿಳಿಸಿ ತೋರಿಸಿದ ಹೊರತು ಒಪ್ಪುವುದಿಲ್ಲ. ಮೂರೂ ಕೋಣೆಗಳ ಬಾಗಿಲು ತಟ್ಟಿ ನೋಡಲಾಗಿದೆ.

8. ಆದುದರಿಂದ ಪರಿವೀಕ್ಷಕರ ಶಿಫಾರಸಿನಂತೆ ಸದರಿ ಮಣ್ಣನ್ನು ಇದ್ದ ಜಾಗದಲ್ಲಿಯೇ ಜಪ್ತಿ ಮಾಡಿ ಆದೇಶಿಸಲಾಗಿದೆ. ಜಪ್ತಿ ಮಾಲು ಸರ್ಕಾರದ್ದಾಗಿರುವುದರಿಂದ ಅದರ ಒಂದು ಹಿಡಿಯೂ ಮಾಳಿಗೆಯಿಂದ ಕದಲತಕ್ಕದ್ದಲ್ಲ. ಬಿರುಕು ಕಂಡಲ್ಲಿ ಗೌರಾಬಾಯಿಯವರೇ ಮುಚ್ಚಿ ತುಳಿದು, ಪ್ರತಿ ಮಳೆಗಾಲದಲ್ಲೂ ಮಾಲನ್ನು ಸುಸ್ಥಿತಿಯಲ್ಲಿ ಕಾಪಾಡತಕ್ಕದ್ದು. ಜಪ್ತಿ ಮಾಲಿನ ಕೆಳಗೆ ಕೂಸು ಮಲಗುವುದಕ್ಕೆ ಕಚೇರಿಯ ಅಭ್ಯಂತರವಿರುವುದಿಲ್ಲ. ಈ ಶಿಕ್ಷೆಯನ್ನು ಓದಿ ಹೇಳಿದಾಗ ಗೌರಾಬಾಯಿಯವರು, "ಆಗಲೇಳಪ್ಪಾ, ಚಾ ಕುಡದು ಹೋಗು" ಎಂದು ಪಶ್ಚಾತ್ತಾಪ ವ್ಯಕ್ತಪಡಿಸಿರುತ್ತಾರೆ.

9. ಪಕ್ಕದ ಮನೆಯ ಶ್ರೀ ಭಾವುಸಾಹೇಬ ಇವರು ಗೋಡೆಯ ಮೇಲಿನಿಂದ ಇಣುಕಿ, "ನಮ್ಮ ಮಾಳಗಿ ಮ್ಯಾಲೂ ಒಂದೀಟು ಜಪ್ತಿ ಮಾಡ್ರಿ ಸಾಹೇಬ್ರ, ದೇವರ ಕೋಣಿ ಸೋರಾಕತ್ತೈತಿ" ಎಂದು ಮನವಿ ಮಾಡಿದ್ದು, ಮರುದಿನ ಓಣಿಗೆ ಓಣಿಯೇ ಕಚೇರಿಯ ಮುಂದೆ ಬುಟ್ಟಿಗಳೊಂದಿಗೆ ಸಾಲು ಹಚ್ಚಿದೆ. ಅಪರಾಧ ಎಸಗುವ ಮುಂಚೆ ಜಪ್ತಿ ಮಾಡಲು ನಿಯಮದಲ್ಲಿ ಅವಕಾಶವಿಲ್ಲ. ಅಂಥವರು ಮೊದಲು ಅಪರಾಧ ಎಸಗಿ, ನಂತರ ಕಚೇರಿ ವೇಳೆಯಲ್ಲಿ ಬರತಕ್ಕದ್ದು.

ಸಹಿ/- (ಮಳೆಗೆ ಹರಡಿದೆ)
ಪ್ರಭಾರಿ ಅಧಿಕಾರಿ
ವಸತಿ, ತ್ಯಾಜ್ಯ, ಖನಿಜ ಹಾಗೂ ಉಳ್ಳಾಗಡ್ಡಿ (ಹೆಚ್ಚುವರಿ ಹೊಣೆ)

ಪ್ರತಿಗಳು:
1. ಮೂರೂ ಶಾಖೆಗಳಿಗೆ: ಒಂದೇ ಪ್ರತಿ, ಓದದಿದ್ದರೂ ಮುಂದಿನ ಕೋಣೆಗೆ ಕಳುಹಿಸುವುದು.
2. ಟಿಪ್ಪರ್ ಮಾಲೀಕರಿಗೆ: ಕಳುಹಿಸುವ ಅಗತ್ಯವಿಲ್ಲ, ಮೂರನೇ ಅಂಶದ ಕರಡು ಅವರಿಂದಲೇ ಬಂದಿರುತ್ತದೆ.
3. ಉಳ್ಳಾಗಡ್ಡಿ ಬೆಳೆಗಾರರಿಗೆ: ಅಭಿಪ್ರಾಯ ಬರುವವರೆಗೆ ಅಗೆಯದಿರಲು.
4. ಶ್ರೀ ಸಂಗ್ರಾಮ, ಪರಿವೀಕ್ಷಕರು: ಕೂಸನ್ನು ಹಿಂದಿರುಗಿಸಿದ ಬಗ್ಗೆ ಸ್ವೀಕೃತಿ ಸಲ್ಲಿಸಲು.
5. ಶ್ರೀಮತಿ ಗೌರಾಬಾಯಿ, ಹಾಳಗೇರಿ ಓಣಿ: ಖುದ್ದಾಗಿ ತಲುಪಿಸುವುದು. ಬಾಗಿಲು ಬಡಿಯತಕ್ಕದ್ದಲ್ಲ, ಕೂಸು ಮಲಗಿದೆ.