ಅವಳಿಗಳಲ್ಲಿ ಒಂದನ್ನೇ ತಿದ್ದಿದ್ದು

ಹೊಸದಾಗಿ ಏನನ್ನಾದರೂ ಬರೆಯುವ ದುರಭ್ಯಾಸ ನನಗಿಲ್ಲ. ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವರಲ್ಲಿ ಅನುಭವಸ್ಥರಾದ ಯಾರಿಗೂ ಇರುವುದಿಲ್ಲ. ಒಮ್ಮೆ ಬರೆದದ್ದು ಕೆಲಸ ಮಾಡಿತೆಂದರೆ ಅದನ್ನೇ ನಕಲು ಮಾಡಿ, ಹೆಸರು ಬದಲಿಸಿ, ಬೇಕಾದ ಕಡೆ ಅಂಟಿಸುವುದು ನಮ್ಮ ಕುಲಧರ್ಮ. ನಕಲಿನಿಂದ ಯಾರೂ ಕೆಟ್ಟಿಲ್ಲ. ಆಮೇಲೆ ತಿದ್ದುವುದರಿಂದ ಕೆಡುತ್ತಾರೆ. ಜ್ವರ ಬಂದ ಅವಳಿ ಮಕ್ಕಳಲ್ಲಿ ಒಂದಕ್ಕೇ ಎರಡು ಸಲ ಔಷಧ ಕುಡಿಸಿದ ತಾಯಿಯಂತೆ, ಒಂದು ನಕಲನ್ನು ತಿದ್ದಿ ಇನ್ನೊಂದನ್ನು ಮರೆತು ನೆಮ್ಮದಿಯಿಂದ ಕಾಫಿಗೆ ಹೋಗುತ್ತೇವೆ.

ಹಾಗೆಂದು ವ್ಯತ್ಯಾಸವೆಲ್ಲ ಮರೆವೇ ಆಗಿರಬೇಕಿಲ್ಲ. ನನ್ನ ಹೆಂಡತಿ ಮತ್ತು ಅವಳ ತಂಗಿ ವಿಮಲ ಇಬ್ಬರ ಸಾರೂ ಒಬ್ಬಳೇ ತಾಯಿಯಿಂದ ಬಂದದ್ದು. ವಿಮಲಳ ಮನೆ ಬನಶಂಕರಿಯಲ್ಲಿ, ಅಲ್ಲಿ ಅದು ಸಾರು. ನಮ್ಮದು ಜೆ.ಪಿ. ನಗರ, ಇಲ್ಲಿ ನನ್ನ ರಕ್ತದೊತ್ತಡದ ದೆಸೆಯಿಂದ ಉಪ್ಪು ಅರ್ಧಕ್ಕಿಳಿದು, ಅದು ಬಿಸಿನೀರಿಗೆ ತೀರಾ ಹತ್ತಿರದ ಸಂಬಂಧಿ. ಇದು ಬೇಕೆಂದೇ ಮಾಡಿದ ತಿದ್ದುಪಡಿ. ನೋಡಿದವರಿಗೆ, ಅಥವಾ ಉಂಡವರಿಗೆ, ಅದು ಮರೆವೆಂದೇ ತೋರುತ್ತದೆ.

ನಮ್ಮ ಕಚೇರಿ ಇರುವುದು ಜಯನಗರದಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ. ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮ ಸರಕು. ಮಂಟಪದ ಮೇಲಿನ ಮದುವೆ ಹಾಲ್‌ಗೆಂದು ನಾನು ಬರೆದದ್ದನ್ನೇ ನಕಲು ಮಾಡಿ ಕೆಳಗಿನ ಊಟದ ಹಾಲ್‌ಗೆ ಅಂಟಿಸಿದ್ದೆ. ಕಂಪ್ಯೂಟರಿಗೆ ದಿನ ಶುರುವಾಗುವುದು ಮಧ್ಯರಾತ್ರಿಗೆ. ನಮ್ಮವರ ಮದುವೆಗೆ ಹಾಗಲ್ಲ, ಭಾನುವಾರದ ಮದುವೆ ಎಂದರೆ ಶನಿವಾರ ಮಧ್ಯಾಹ್ನವೇ ಮಂಟಪ ಕೈಗೆ ಬರಬೇಕು, ಸಂಜೆ ಆರತಕ್ಷತೆ ಆಗಬೇಕು. ಇದು ತಿಳಿದ ಕೂಡಲೇ ನಾನು ಪ್ರೋಗ್ರಾಂ ತಿದ್ದಿದೆ, ಮೇಲಿನ ಹಾಲ್‌ನದ್ದನ್ನು.

ಆಮೇಲೆ ಕಚೇರಿಗೆ ರಶ್ಮಿ ಎಂಬ ಹುಡುಗಿ ಸೇರಿದಳು. ಜೊತೆಗೆ ಒಂದು ಪತ್ತೇದಾರಿ ಪ್ರೋಗ್ರಾಂ ತಂದಳು. ಅದು ಇಡೀ ಕಡತಗಳನ್ನು ಜಾಲಾಡಿ, ಒಂದೇ ತರಹದ ತುಂಡುಗಳನ್ನು ಜೋಡಿ ಹಚ್ಚಿ, 'ಇವೆರಡು ಅವಳಿ. ಒಂದನ್ನು ತಿದ್ದಿದ್ದೀರಿ, ಇನ್ನೊಂದನ್ನು ಬಿಟ್ಟಿದ್ದೀರಿ. ಉದ್ದೇಶಪೂರ್ವಕವೇ, ಮರೆವೇ?' ಎಂದು ಕೇಳುತ್ತದೆ. ಮೊದಲ ವಾರ ನಾನು ಪ್ರತಿಯೊಂದನ್ನೂ ಶ್ರದ್ಧೆಯಿಂದ ಪರಿಶೀಲಿಸಿದೆ. ಹೆಚ್ಚಿನವು ನಿಜಕ್ಕೂ ಬೇಕೆಂದೇ ಮಾಡಿದವು. ಮದುವೆ ಹಾಲ್‌ನ ಬುಕಿಂಗ್‌ನಲ್ಲಿ ಹೋಮಕುಂಡ ಬೇಕೇ ಎಂದು ಕೇಳಬೇಕು, ಊಟದ ಹಾಲ್‌ನದ್ದರಲ್ಲಿ ಬೇಡ. ಎರಡನೆಯ ವಾರದಿಂದ ಪ್ರಶ್ನೆ ಓದುವ ಗೋಜಿಗೆ ಹೋಗದೆ 'ಉದ್ದೇಶಪೂರ್ವಕ' ಎಂದು ಒತ್ತತೊಡಗಿದೆ. ಹಿರಿಯನೊಬ್ಬ ಮಾಡಿದ್ದೆಲ್ಲ ಉದ್ದೇಶಪೂರ್ವಕವಾಗಿರುವುದು ಶೋಭೆ ತಾನೇ?

ಈ ನಡುವೆ ವಿಮಲಳ ಮಗಳು ಚೈತ್ರಳ ಮದುವೆ ಒಂದು ಭಾನುವಾರಕ್ಕೆ ಗೊತ್ತಾಯಿತು. ನಮ್ಮ ಸಾಫ್ಟ್‌ವೇರ್ ಇರುವ ಮಂಟಪವನ್ನೇ ಹಿಡಿಯುವಂತೆ ನಾನು ಗಾಂಭೀರ್ಯದಿಂದ ಶಿಫಾರಸು ಮಾಡಿದೆ. "ಭಾವ ಹೇಳಿದ್ಮೇಲೆ ಮುಗೀತು ಬಿಡಿ," ಎಂದಳು ವಿಮಲ.

ಮದುವೆಗೆ ಮುಂಚಿನ ವಾರ ರಶ್ಮಿ ನನ್ನ ಮೇಜಿನ ಬಳಿ ಬಂದು ನಿಂತಳು. "ಸಾರ್, ಊಟದ ಹಾಲ್‌ದು ಒಂದು ವಾರ್ನಿಂಗ್ ಇತ್ತು. ಉದ್ದೇಶಪೂರ್ವಕ ಅಂತ ಹಾಕಿದೀರ."

"ಹೌದು."

"ಉದ್ದೇಶ ಏನು ಸಾರ್?"

ನಾನು ಕನ್ನಡಕ ಒರೆಸಿಕೊಂಡೆ. ಉದ್ದೇಶ ಹೊಳೆಯಲಿಲ್ಲ. ಬುಕಿಂಗ್ ತೆರೆದು ನೋಡಿದಾಗ ಹೊಳೆದದ್ದು ಇಷ್ಟು: ಶನಿವಾರ ಸಂಜೆ ಚೈತ್ರಳ ಆರತಕ್ಷತೆಗೆ ಮೇಲಿನ ಹಾಲ್ ನಮ್ಮದು, ಕೆಳಗಿನ ಊಟದ ಹಾಲ್ ಮಾತ್ರ, ಅದರ ಪ್ರೋಗ್ರಾಂಗೆ ಭಾನುವಾರ ಇನ್ನೂ ಮಧ್ಯರಾತ್ರಿಗೇ ಶುರುವಾಗುವುದರಿಂದ, ಬಿಳೇಕಹಳ್ಳಿಯ ಹಿರಿಯರೊಬ್ಬರ ಷಷ್ಟ್ಯಬ್ದಿಗೆ ಹೋಗಿದೆ. ನಮ್ಮ ನೆಂಟರು ಮೇಲೆ ವಧೂವರರನ್ನು ಹರಸಿ, ಕೆಳಗಿಳಿದು ಯಾರದೋ ಅರವತ್ತರ ಶಾಂತಿಯ ಹೋಳಿಗೆಗೆ ಕೈ ಹಾಕಬೇಕು, ಇಲ್ಲವೇ ಹಸಿದುಕೊಂಡು ಮನೆಗೆ ಹೋಗಬೇಕು. ಹಸಿದ ನೆಂಟರ ನೆನಪಿನ ಶಕ್ತಿ ಬಲು ದೊಡ್ಡದು. ಚೈತ್ರ ತನ್ನ ಷಷ್ಟ್ಯಬ್ದಿಯ ತನಕ ಆ ಮಾತು ಕೇಳಬೇಕಾಗುತ್ತಿತ್ತು.

ಬಿಳೇಕಹಳ್ಳಿಗೆ ಹೋಗಿ ಕೈಮುಗಿದು ನಿಂತೆ. ಆ ಪುಣ್ಯಾತ್ಮರು ನಕ್ಕರು. "ಹೋಗ್ಲಿ ಬಿಡಿ ಸಾರ್, ನಮ್ದು ಮಧ್ಯಾಹ್ನಕ್ಕೇ ಮುಗಿಸ್ಕೋತೀವಿ. ಆದ್ರೆ ಸಂಜೆ ನಮ್ಮೋರೆಲ್ಲಾ ನಿಮ್ ರಿಸೆಪ್ಷನ್‌ಗೆ ಬರ್ತಾರೆ, ಆಯ್ತಾ?"

ಆಯ್ತು ಎಂದೆ. ಚೈತ್ರಳ ಊಟ ಉಳಿಯಿತು.

ಇನ್ನು ಉಳಿಸಬೇಕಾದದ್ದು ನನ್ನ ಮಾನ. ಮನೆಯಲ್ಲೂ ವಿಮಲಳಿಗೂ ಒಂದೇ ವಿವರಣೆ ಕೊಟ್ಟೆ: "ಮಂಟಪದ ಮ್ಯಾನೇಜರ್ ಗಡಿಬಿಡಿ, ನಾನು ಸರಿಮಾಡಿಸ್ದೆ." ಸಂಜೆ ಕಾಫಿಯ ಹೊತ್ತಿಗೆ ಹೆಂಡತಿ ಅಡ್ಡಪ್ರಶ್ನೆಗಳನ್ನು ಹಾಕಿದ್ದರಿಂದ ವಿವರಣೆಯನ್ನು ಅಲ್ಲಿ ಸ್ವಲ್ಪ ತಿದ್ದಬೇಕಾಯಿತು: ಮ್ಯಾನೇಜರ್ ಅಲ್ಲ, ಪ್ರೋಗ್ರಾಂ ತಪ್ಪು, ಹಿಡಿದದ್ದು ನಮ್ಮ ಕಚೇರಿಯೇ.

ಅಕ್ಕತಂಗಿಯರು ದಿನಾ ಬೆಳಗ್ಗೆ ಫೋನಿನಲ್ಲಿ ಮಾತಾಡುತ್ತಾರೆ ಎಂಬುದು ನನಗೆ ಮದುವೆಯಾದಾಗಿನಿಂದ ಗೊತ್ತಿರುವ ಸಂಗತಿ. ಮರುದಿನ ಫೋನ್ ಇಟ್ಟವಳೇ ಹೆಂಡತಿ ಬಂದು ಎದುರಿಗೆ ನಿಂತಳು.

"ರೀ, ವಿಮಲಂಗೆ ಮ್ಯಾನೇಜರ್ ತಪ್ಪು ಅಂದ್ರಂತೆ. ನನಗೆ ಪ್ರೋಗ್ರಾಂ ತಪ್ಪು ಅಂದ್ರಿ. ಬೇಕಂತ್ಲೇ ಬೇರೆ ಬೇರೆ ಹೇಳಿದ್ರಾ, ಇಲ್ಲಾ ಅವಳಿಗೆ ತಿದ್ದಿ ಹೇಳೋದು ಮರೆತ್ರಾ?"

ಮರೆತೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಿಂಗಳುಗಟ್ಟಲೆ ಬೆರಳಿಗಿದ್ದ ಅಭ್ಯಾಸ ನಾಲಿಗೆಗೂ ಇಳಿದಿತ್ತು. "ಬೇಕಂತ್ಲೇ," ಎಂದುಬಿಟ್ಟೆ.

ಅವಳು ಒಳಗೆ ಹೋದಳು. ಮಧ್ಯಾಹ್ನದ ಸಾರಿನಲ್ಲಿ ಅರ್ಧ ಉಪ್ಪೂ ಇರಲಿಲ್ಲ. ಉದ್ದೇಶಪೂರ್ವಕವೋ ಮರೆವೋ ಎಂದು ನಾನು ಕೇಳಲಿಲ್ಲ. ಇನ್ನೂ ಸ್ವಲ್ಪ ಸಾರು ಹಾಕು ಎಂದು ತಟ್ಟೆ ಚಾಚಿದೆ.